ಬಿಚ್ಚಿದ ಹೊಲಿಗೆ

ಡೈರೆಕ್ಟರ್ ಮೇಡಂ ಅವರಿಗೆ ದರ್ಜಿಯ ನಮಸ್ಕಾರ.

ನಮ್ಮ ಮನೆಯಲ್ಲಿ ತೆಗೆದ ನಿಮ್ಮ ಸಾಕ್ಷ್ಯಚಿತ್ರವನ್ನು ಟಿವಿಯಲ್ಲಿ ನೋಡಿದೆವು. ಗೋಡೆಯ ಬಿರುಕು ನಮಗಿಂತ ಚೆನ್ನಾಗಿ ನಟಿಸಿದೆ.

ಅಂದು ನೀವು, "ಈ ಹೊಲಿಗೆ ಮೆಷಿನ್ ಇದ್ರೆ ಬಡತನ ಕಾಣ್ಸಲ್ಲ" ಅಂದಿರಿ. ನಾನೇ ಅದನ್ನು ಪಕ್ಕದ ಮನೆಗೆ ಹೊತ್ತೊಯ್ದು ಇಟ್ಟು ಬಂದೆ. ಮಗಳ ಹೊಸ ಫ್ರಾಕಿನ ಹೊಲಿಗೆಯನ್ನು ಭುಜದ ಹತ್ತಿರ ನಾನು ಬಿಚ್ಚಿದ್ದು ಮಾತ್ರ ನೀವು ಹೇಳಿದ್ದಕ್ಕಲ್ಲ. ಗಿರಾಕಿಯ ಮುಖ ನೋಡಿಯೇ ಅಳತೆ ಹಿಡಿಯುವ ಚಾಳಿ ನನ್ನದು.

ಈಗ ಗಿರಾಕಿಗಳು ಹೊಲಿಯಲು ಬಟ್ಟೆ ತರುತ್ತಿಲ್ಲ. ಹಳೆಯ ಬಟ್ಟೆ ದಾನ ಕೊಡಲು ತರುತ್ತಾರೆ. ನಿನ್ನೆ ಬಂದ ಗಂಟಿನಲ್ಲಿ ಹಳದಿ ಅಂಗಿಯೊಂದಿತ್ತು. "ಅಪ್ಪಾ, ಇದು ನೀನೇ ಹೊಲಿದಿದ್ದಲ್ವಾ?" ಎಂದಳು ಮಗಳು. "ಇಲ್ಲಮ್ಮ, ಬೇರೆ ಯಾರೋ" ಎಂದೆ.

ನಿಮ್ಮನ್ನು ದೂರುತ್ತಿಲ್ಲ. ಚಿತ್ರ ಮತ್ತೆ ತೋರಿಸುವ ಮುನ್ನ ಮಗಳು ಬರುವ ಭಾಗ ಕತ್ತರಿಸಿಬಿಡಿ. ನನ್ನದು ಇರಲಿ, ಆದರೆ ಮುಖದ ಕೆಳಗೆ ‘ಕೆಲಸವಿಲ್ಲದ ತಂದೆ’ ಎಂದಿರುವಲ್ಲಿ ದರ್ಜಿ ಎಂದು ಬರೆಸಿ.

ಫ್ರಾಕಿನ ಭುಜ ಮತ್ತೆ ಹೊಲಿದಿದ್ದೇನೆ, ಗುರುತೇ ಕಾಣದು. ಆದರೂ ಅವಳು ತೊಡುತ್ತಿಲ್ಲ. ಕೊಟ್ಟರೆ, "ಕ್ಯಾಮೆರಾದವ್ರು ಬರ್ತಾರಾ ಅಪ್ಪ?" ಎಂದು ಕೇಳುತ್ತಾಳೆ.

ಇಂತಿ,
ದರ್ಜಿ