ಸೋನಾಬಾಯಿ ಮತ್ತು ಸೋನಕ್ಕ

ಕೊಲ್ಹಾಪುರ

ಪ್ರೀತಿಯ ಅವ್ವಗ,

ಇಚಲಕರಂಜಿ ದವಾಖಾನ್ಯಾಗ ನೀ ಎಚ್ಚರ ತಪ್ಪಿದಾಗ, ನಿನಗ ಪೆನ್ಸಿಲಿನ್ ಆಗಿಬರೂದಿಲ್ಲಂತ ಡಾಕ್ಟರಿಗೆ ಯಾರು ಹೇಳಿದ್ರು ಅಂತ ಕೇಳಿದ್ದಿ ಅಲ್ಲಾ? ದವಾಖಾನಿ ದಾಖಲೆ ಹೊಂದಿಸಾಕ ನಾವು ಕಲಿಸಾಕತ್ತಿರೋ ಕಂಪ್ಯೂಟರ್ ಹೇಳ್ತು. ನಿನ್ನ ಆಧಾರ ಕಾರ್ಡಿನಾಗಿನ 'ಬಾಳಾಬಾಯಿ'ನೂ, ಗಡಹಿಂಗ್ಲಜದ ದವಾಖಾನಿ ಹಳೇ ಕೇಸ್‌ಪೇಪರಿನ 'ಬಾಳಕ್ಕ'ನೂ ಒಬ್ಬಾಕಿನ ಅಂತ ಗುರುತಿಸಿ, ಅದರಾಗಿನ ಪೆನ್ಸಿಲಿನ್ ಎಚ್ಚರಿಕೆ ಡಾಕ್ಟರಿಗೆ ತೋರಿಸ್ತು.

ಅದಕ್ಕ ಕಲಿಸಾಕ ಕೊಟ್ಟ ದಾಖಲೆಯೊಳಗ ಸೋನಾಬಾಯಿ, ಸೋನಕ್ಕ ಅನ್ನೋರು ಬ್ಯಾರೆ ಬ್ಯಾರೆ ಹೆಣ್ಮಕ್ಕಳು ಅಂತ ನಮ್ಮ ಆಫೀಸಿನವರು ಮೊದಲು ಗುರುತು ಹಾಕಿದ್ರು. ಊರು, ವಯಸ್ಸು ನೋಡಿ ನಾ 'ಒಬ್ಬಾಕಿ' ಅಂತ ತಿದ್ದಿದೆ. ಹಂಗ ಎಷ್ಟೋ ಹೆಸರು ತಿದ್ದೇನಿ; ಅವನ್ನ ನೋಡೇ 'ಬಾಯಿ', 'ಅಕ್ಕ' ಅಂತಿದ್ರೂ ಒಬ್ಬಾಕಿನ ಇರಬಹುದು ಅಂತ ಕಂಪ್ಯೂಟರ್ ಕಲೀತು. ಅದರಾಗ ನಿನ್ನ ಹೆಸರು ಇರಲೇ ಇಲ್ಲ. ಆದ್ರೂ ಅದು ನಿನ್ನ ಹುಡುಕ್ತು.

ಮಾಮಾನ ಮನ್ಯಾಗ ಇನ್ನಷ್ಟು ದಿನ ಇರು, ಗಡಿಬಿಡಿ ಮಾಡಬ್ಯಾಡ. ನಾ ಮುಖಾನೂ ನೋಡದ ಹೆಣ್ಮಕ್ಕಳ ಹೆಸರು ನಿನ್ನ ಉಳಿಸ್ಯಾವ, ಅವ್ವಾ. ಗುಡಿಗೆ ಹೋದಾಗ ಅವರಿಗೂ ಒಂದು ದೀಪ ಹಚ್ಚು.

ನಿನ್ನ ಮಗಳು,
ರುತುಜಾ