ಸಮುದ್ರಕ್ಕೆ ಇಳಿಯಲು ಅರವತ್ತು ರೂಪಾಯಿ ಬೇರೆ

ಪ್ರವಾಸ ಏರ್ಪಡಿಸುವವರಿಗೆ ಮಾನ್ಯತೆಯ ಮುದ್ರೆ ಒತ್ತಿಕೊಡುವ, ಹಾವೇರಿಯಲ್ಲಿ ಕೂರುವ ಅಧಿಕಾರಿಗಳೇ,

ಮಾನ್ಯರೇ, ನಿಮ್ಮ ಮುದ್ರೆ ನಂಬಿ ನಾವು ಹನ್ನೊಂದು ಹೆಂಗಸರು ಮೋಸಹೋದೆವು. ನಿಮಗೆ ಪುರಸೊತ್ತು ಕಡಿಮೆ ಎಂದು ಕಳೆದ ಸಲ ನೀವೇ ಹೇಳಿದ್ದರಿಂದ ಮೊದಲ ಸಾಲಿನಲ್ಲೇ ವಿಷಯ ಮುಗಿಸಿದ್ದೇನೆ. 'ಸಮುದ್ರ ವಿಹಾರ, ನಾಲ್ಕು ದಿನ, ಎಲ್ಲಾ ಸೇರಿ ತಲೆಗೆ ಸಾವಿರದ ಐನೂರು' ಎಂದು ಕರಪತ್ರ ಹಂಚಿದವನು ಎಲ್ಲಾ ಬಿಟ್ಟು ಸಾವಿರದ ಐನೂರು ತೆಗೆದುಕೊಂಡ. ಕರಪತ್ರದ ಮೂಲೆಯಲ್ಲಿ ನಿಮ್ಮ ಕಚೇರಿಯ ಮುದ್ರೆ ದುಂಡಗೆ, ನೀಲಿಯಾಗಿ ಕೂತಿತ್ತು. ಅವನ ಅಂಗಡಿಯ ಹೆಸರು ಬರೆಯುವುದಿಲ್ಲ. ಪುಕ್ಕಟೆ ಜಾಹೀರಾತು ಕೊಡುವಷ್ಟು ಉದಾರಿ ನಾನಲ್ಲ, ಹೆಸರು ನಿಮಗೆ ಗೊತ್ತೂ ಇದೆ.

ನಾನು ರಾಣೆಬೆನ್ನೂರಿನಲ್ಲಿ ಜಂಪರು ಹೊಲಿಯುವವಳು. ಲೈನಿಂಗ್ ಹಾಕಿದರೆ ಎಷ್ಟು, ಬಿಟ್ಟರೆ ಎಷ್ಟು ಎಂದು ಅಳತೆ ತೆಗೆದುಕೊಳ್ಳುವಾಗಲೇ ಹೇಳುತ್ತೇನೆ. ಹೊಲಿದು ಮುಗಿಸಿದ ಮೇಲೆ "ತೋಳಿನ ರೊಕ್ಕ ಬ್ಯಾರೇರಿ" ಎಂದರೆ ಗಿರಾಕಿ ನನ್ನ ಕತ್ತರಿಯನ್ನೇ ಕಸಿದುಕೊಂಡಾಳು. ಆದರೆ ನನಗೆ ನಿಮ್ಮ ಮುದ್ರೆ ಇಲ್ಲವಲ್ಲ! ನಮ್ಮ ಹನ್ನೊಂದು ಜನರದ್ದೊಂದು ಭಿಶಿ, ಎಂದರೆ ಚೀಟಿ, ಇದೆ. ತಿಂಗಳಿಗೆ ಐವತ್ತರಂತೆ ಎರಡೂವರೆ ವರ್ಷ ಕೂಡಿಹಾಕಿದೆವು. ಗಂಡ, ಮಕ್ಕಳು, ಹರಕೆ ಯಾವುದೂ ಇಲ್ಲದೆ ಬರೀ ಸಮುದ್ರ ನೋಡಿ ಬರುವುದು ಎಂದು ಎಲ್ಲರನ್ನೂ ಒಪ್ಪಿಸಿದವಳು ನಾನೇ. "ಗುಡಿ ಇಲ್ಲದ ಊರಿಗೆ ಹೋಗಿ ಏನ್ ಮಾಡ್ತೀರಿ?" ಎಂದು ನನ್ನ ಯಜಮಾನರು ಫಕ್ಕೀರೇಶ ನಕ್ಕರು. ನನ್ನ ದೊಡ್ಡವ್ವನ ಮಗಳು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಯವಳು, ಅವರಿಗೆ ಅಲ್ಲೇ ಉತ್ತರ ಕೊಟ್ಟಳು: "ಸಮುದ್ರದಾಗ ಮೊಣಕಾಲ ತನಕ ನಿಂತು ಬರ್ತೀನಿ. ಅದ ನನ್ನ ಹರಕಿ ಅಂತ ತಿಳೀರಿ." ಅವಳ ಮರ್ಯಾದೆಗಾಗಿ ಹೆಸರು ಬದಲಿಸಿ, ಇಲ್ಲಿ ಹೊಳಿಯವ್ವ ಎನ್ನುತ್ತೇನೆ.

ಬಸ್ಸು ಹಾವೇರಿ ದಾಟುವ ಮೊದಲೇ ಡ್ರೈವರನ ಭತ್ಯೆ ಎಂದು ತಲೆಗೆ ಇಪ್ಪತ್ತು ಎತ್ತಿದರು. ಘಟ್ಟ ಇಳಿಯಲು ಬೇರೆ ದರವಿತ್ತು. ಏರುವುದಕ್ಕೂ ಉಂಟೆಂದು ಬರುವಾಗ ತಿಳಿಯಿತು. ವಸತಿಗೃಹದಲ್ಲಿ ಬಿಸಿನೀರು ಬಕೀಟಿಗೆ ಹತ್ತು. 'ಎಲ್ಲಾ'ದಲ್ಲಿ ಸೇರಿದ್ದು ತಣ್ಣೀರು ಮಾತ್ರ. ನಾವು ಖಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೋಗಿದ್ದೆವು. ಗಂಟು ಬಿಚ್ಚುವುದೇ ತಡ, ಬಡಿಸುವವನು ಬಂದು, ಹೊರಗಿನ ಊಟಕ್ಕೆ ತಟ್ಟೆಯ ಬಾಡಿಗೆ ಹದಿನೈದಾಗುತ್ತದೆ ಎಂದ. ನಮ್ಮಲ್ಲಿ ಹಿರಿಯಳಾದ ಸುಶೀಲವ್ವ, "ನಿನ್ನ ತಾಟ ಒಯ್ಯೋ ತಮ್ಮಾ, ನಮಗ ರೊಟ್ಟೀನ ತಾಟ" ಎಂದು ರೊಟ್ಟಿಯ ಮೇಲೇ ಚಟ್ನಿ ಹಾಕಿಕೊಂಡಳು. ಅವನು ತಟ್ಟೆ ಒಯ್ದ. ಆಮೇಲೆ ಬಂದು ಮೇಜಿನ ಬಾಡಿಗೆ ಕೇಳಿದ.

ಇಷ್ಟಕ್ಕೆಲ್ಲ ನಾವು ನಕ್ಕೆವು, ಖರೇ ಹೇಳುತ್ತೇನೆ. ಮೂರನೆಯ ದಿನ ಸಮುದ್ರದ ದಂಡೆಗೆ ಹೋದಾಗ ಅಲ್ಲೊಂದು ಗೇಟು, ಗೇಟಿಗೊಂದು ಬೀಗ, ಒಳಗೆ ಹೋಗಲು ತಲೆಗೆ ಅರವತ್ತು. ನಮ್ಮ ಜೊತೆ ಬಂದಿದ್ದ ಸಂಸ್ಥೆಯ ಮನುಷ್ಯ ಪ್ರವೀಣಕುಮಾರನನ್ನು ಜಗ್ಗಿ ಕೇಳಿದೆ. "ಸಮುದ್ರ ತೋರಸ್ತೇವಿ ಅಂದಿದ್ವಿರಿ, ತೋರಿಸೇವಿ. ಇಳಿಯೂದು ಬ್ಯಾರೆ" ಎಂದ ಆ ಪುಣ್ಯಾತ್ಮ. ಗೇಟಿನ ಹೊರಗೆ, ಸಮುದ್ರ ಹಿಂದೆ ಕಾಣುವಂತೆ ನಮ್ಮನ್ನು ಒತ್ತೊತ್ತಾಗಿ ನಿಲ್ಲಿಸಿ ಫೋಟೋ ಹೊಡೆದ. ಪ್ರತಿಗೆ ಮೂವತ್ತು. ಆಮೇಲೆ ಎಲ್ಲರೂ ದುಡ್ಡು ತೆತ್ತು ಒಳಗೆ ಹೊರಟಾಗ ಹೊಳಿಯವ್ವ, "ಕಾಲ ನೋಯಾಕತ್ತಾವು, ನೀವು ಹೋಗಿ ಬರ್ರಿ, ನಾ ಚೀಲ ಕಾಯ್ತೀನಿ" ಎಂದು ಬಸ್ಸಿನ ಮೆಟ್ಟಿಲ ಮೇಲೆ ಕೂತಳು. ನಾನು ನಂಬಿದೆ. ಒಳಗೆ ಹೋಗಿ ಚಿಕ್ಕ ಹುಡುಗಿಯ ಹಾಗೆ ಕುಣಿದೆ.

ಬರುವಾಗ ಅವಳು ಮೋಟೆಬೆನ್ನೂರು ಕ್ರಾಸಿನಲ್ಲಿ ಇಳಿದು ಬ್ಯಾಡಗಿಯ ಟೆಂಪೋ ಹತ್ತಬೇಕಿತ್ತು. ಹತ್ತದೆ ನಡೆಯತೊಡಗಿದಳು. ಇಳಿದು ಹೋಗಿ ನಿಲ್ಲಿಸಿ ಕೇಳಿದೆ. ಸೆರಗಿನ ಗಂಟು ಎರಡನೆಯ ದಿನವೇ ಬರಿದಾಗಿತ್ತಂತೆ. "ನನ್ನ ಕೇಳಬಾರದಿತ್ತೇನಕ್ಕಾ?" ಎಂದೆ. "ಕೂಲಿ ಮಾಡಿ ಉಂಡೇನಿ, ಇಷ್ಟ ವರ್ಷ ಯಾರ ಮುಂದೂ ಕೈ ಒಡ್ಡಿಲ್ಲ. ವಿಹಾರಕ್ಕ ಹೋಗಿ ಒಡ್ಡಲೇನ?" ಎಂದಳು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ನಾಚಿಕೆಯನ್ನು ನಾನಿಟ್ಟುಕೊಂಡು ಸಿಟ್ಟನ್ನು ನಿಮ್ಮ ಕಚೇರಿಗೆ ತಂದೆ.

ನಿಮ್ಮ ಬಾಗಿಲಲ್ಲಿ 'ದೂರು ಸ್ವೀಕಾರ ಉಚಿತ' ಎಂಬ ಹಲಗೆ ಇದೆ. ಉಚಿತ ದೂರಿನ ಅರ್ಜಿ ನಮೂನೆಗೆ ಹತ್ತು ರೂಪಾಯಿ ಕೊಟ್ಟು, ಮೂರು ಜೆರಾಕ್ಸ್ ಮಾಡಿಸಿ ಒಳಗೆ ಬಂದೆ. "ಎಲ್ಲಾ ಷರತ್ತು ಹಿಂದಗಡೆ ಬರದೈತಲ್ರಿ, ಓದಬೇಕಿತ್ತು" ಎಂದಿರಿ. ನಾನು ಕರಪತ್ರ ಮಗುಚಿ ನಿಮ್ಮ ಕೈಗೇ ಕೊಟ್ಟೆ. ಹಿಂದೆ ಇರುವೆ ಹರಿದಂಥ ಇಂಗ್ಲಿಷ್. ನೀವು ಕನ್ನಡಕ ಏರಿಸಿದಿರಿ, ಇಳಿಸಿದಿರಿ, ಕಿಟಕಿಯ ಬೆಳಕಿಗೆ ಹಿಡಿದಿರಿ, ಕೊನೆಗೆ ಗುಮಾಸ್ತರತ್ತ ಚಾಚಿ "ಏನ್ ಬರದೈತಿ ನೋಡ್ರಿ ಸ್ವಲ್ಪ" ಎಂದಿರಿ. ಪದವಿ ಪಡೆದ ನಿಮಗೆ ಹಗಲಲ್ಲೇ ಓದಲಾಗದ್ದನ್ನು ಏಳನೇ ಇಯತ್ತೆ ಕಲಿತ ನಾನು ಓದಬೇಕಿತ್ತೇ? ನೀವೇ ಓದದ ಕಾಗದದ ಮೇಲೆ ಮುದ್ರೆ ಒತ್ತಿದ ಕೈ ಯಾರದು? ವಿಚಾರಣೆ ನಡೆಸುತ್ತೇವೆ ಎಂದಿರಿ. ನಾಲ್ಕು ತಿಂಗಳಾಯಿತು.

ವಿಚಾರಣೆಯ ಬದಲು ಹೊಸ ಕರಪತ್ರ ಬಂದಿದೆ. ಮುದ್ರೆ ಅದೇ. 'ಸಂತೃಪ್ತ ಪ್ರವಾಸಿಗರು' ಎಂಬ ಸಾಲಿನ ಮೇಲೆ ನಮ್ಮ ಹನ್ನೊಂದು ಜನರ ಫೋಟೋ! ಕಾಲು ಕಾಣದಂತೆ ಕತ್ತರಿಸಿದ್ದರಿಂದ ಎಲ್ಲರೂ ನೀರಿನಲ್ಲೇ ನಿಂತಂತಿದೆ. ಹೊಳಿಯವ್ವನ ಜೊತೆ ತೊಟ್ಟು ಬಿಡಿಸುವ ಆರು ಹೆಂಗಸರು ಅದನ್ನು ನೋಡಿ ಬರುವ ತಿಂಗಳ ಬಸ್ಸಿಗೆ ಹೆಸರು ಕೊಟ್ಟಿದ್ದಾರೆ. ಮೊನ್ನೆ ಅವಳು ಕರಪತ್ರ ಹಿಡಿದು ನನ್ನ ಅಂಗಡಿಗೆ ಬಂದಿದ್ದಳು.

"ನೀರು ಹೆಂಗಿತ್ತು ಅಂತ ಕೇಳ್ತಾರ ನಿರ್ಮಲಾ. ತಣ್ಣಗಿತ್ತು ಅಂದೇನಿ," ಎಂದಳು. ಆಮೇಲೆ ಫೋಟೋ ನೋಡುತ್ತ, "ತಣ್ಣಗಿತ್ತೇನ?" ಎಂದು ನನ್ನನ್ನೇ ಕೇಳಿದಳು.

ಆ ದಿನ ಬಿಸಿಲಿಗೆ ನೀರು ಬೆಚ್ಚಗಿತ್ತು, ಮಾನ್ಯರೇ. "ಹೌದಕ್ಕಾ, ತಣ್ಣಗಿತ್ತು" ಎಂದೆ.

ನಮ್ಮ ದುಡ್ಡು ವಾಪಸ್ ಬೇಡ. ಆ ಬಸ್ಸು ಹೊರಡುವ ಮೊದಲು ಒಂದೊಂದು ಖರ್ಚನ್ನೂ ನಿಮ್ಮ ಮುದ್ರೆಯಷ್ಟೇ ದೊಡ್ಡ ಕನ್ನಡ ಅಕ್ಷರಗಳಲ್ಲಿ ಮುಂಭಾಗದಲ್ಲೇ ಅಚ್ಚು ಹಾಕಿಸಿ. ಆಗದಿದ್ದರೆ ಮುದ್ರೆ ಕಿತ್ತುಕೊಳ್ಳಿ. ಮತ್ತು ಅದೇ ಬಸ್ಸಿನಲ್ಲಿ, ಅವನ ಖರ್ಚಿನಲ್ಲಿ, ಹೊಳಿಯವ್ವನಿಗೊಂದು ಸೀಟು ಕೊಡಿಸಿ. ನಾನು ಸುಳ್ಳು ಹೇಳಿದೆ ಎಂದು ಅವಳೇ ಬಂದು ನನ್ನನ್ನು ಬೈಯಲಿ.

ಇಂತಿ,
ನಿಮ್ಮ ಮುದ್ರೆ ತೋರಿಸಿ ಹತ್ತು ಜನರನ್ನು ಬಸ್ಸು ಹತ್ತಿಸಿದ ತಪ್ಪಿತಸ್ಥೆ,
ನಿರ್ಮಲಾ, ಹೊಲಿಗೆಯವಳು
ರಾಣೆಬೆನ್ನೂರು, 2007