ಬಿಳಿ ಹಲಗೆಯನ್ನು ತರಬೇಡ

ಮಿಹೊಕೊ,

ಗುರುಗಳಿಗೆ ವಿಷಯ ತಿಳಿಸಲು ನಾನು ಮುಂಚೆಯೇ ಗುಡಿಗೆ ಹೊರಟೆ. ಹತ್ತು ಗಂಟೆಗೆ ಮಾವನ ನಲವತ್ತೊಂಬತ್ತನೇ ದಿನದ ಪೂಜೆಗೆ ನೀನು ಬರುವಾಗ, ಇನ್ನು ಮುಂದೆ ಮನೆಯಲ್ಲಿಡುವ ಅವರ ಹೆಸರಿನ ಹೊಸ ಕಪ್ಪು ಹಲಗೆಯನ್ನು ಮಾತ್ರ ತಾ. ಅವರು ತೀರಿದಂದಿನಿಂದ ಇಟ್ಟಿರುವ, ಇವತ್ತು ಗುಡಿಯಲ್ಲಿ ಸುಡಲು ಒಪ್ಪಿಸಬೇಕಾದ ಬಿಳಿ ಹಲಗೆಯನ್ನು ಮುಟ್ಟಬೇಡ. ಅವರಿಗೆಂದು ಹೂದಾನಿಯಲ್ಲಿಟ್ಟ ನಿಂಬೆ ರೆಂಬೆಯಿಂದ ಹಸಿರು ಹುಳು ಇಳಿದು, ಆ ಹಲಗೆಯ ಬೆನ್ನಿಗೇ ಗೂಡು ಕಟ್ಟಿದೆ.

"ನಲವತ್ತೊಂಬತ್ತು ದಿನ ಕಳೆದ್ಮೇಲೂ ಇಟ್ಕೊಂಡ್ರೆ ಮಾವ ದಾರೀಲೇ ನಿಂತ್ಬಿಡ್ತಾರೆ ಅತ್ತೆ!" ಎಂದು ನಿನ್ನೆ ಗದರಿದೆಯಲ್ಲ, ನಿಲ್ಲಲಿ. ಹುಳು ನೋಡುತ್ತಾ ಕೂತು ಊಟಕ್ಕೂ ತಡ ಮಾಡುತ್ತಿದ್ದವರು ಅವರು. ಇನ್ನು ಹತ್ತು ದಿನ ತಡವಾದರೂ ಅಮಿತಾಭ ಬುದ್ಧ ತನ್ನ ಸ್ವರ್ಗದ ಬಾಗಿಲು ಹಾಕಿಕೊಳ್ಳುವುದಿಲ್ಲ.

ಧೂಪವನ್ನು ಅಂಗಳದ ಕಡೆಗೆ ಸರಿಸಿ ಹಚ್ಚು, ಗೂಡಿಗೆ ಹೊಗೆ ತಾಗದಿರಲಿ. ಕಿಟಕಿ ಸ್ವಲ್ಪ ತೆರೆದಿರಲಿ. ನಿಂಬೆ ಗಿಡದಲ್ಲಿ ಇನ್ನೂ ಮೂರು ಹುಳುಗಳಿವೆ, ಎಲೆ ತಿಂದವೆಂದು ಔಷಧಿ ಹೊಡೆದೀಯೆ!

ಹಲಗೆ ಬಿಡಲಾರದೆ ಮುದುಕಿ ನೆಪ ಹುಡುಕಿದ್ದಾಳೆ ಎಂದು ನಿನಗನ್ನಿಸಿದರೆ, ಅದೂ ಸುಳ್ಳಲ್ಲ. ಆದರೆ ಚಿಟ್ಟೆ ಹಾರಿದ ದಿನವೇ ನನ್ನ ಕೈಯಾರೆ ಒಪ್ಪಿಸಿ ಬರುತ್ತೇನೆ. ಒಂದು ದಿನವೂ ಹೆಚ್ಚು ಇಟ್ಟುಕೊಳ್ಳುವುದಿಲ್ಲ.

ಅತ್ತೆ